ಖಾಲಮ್ಮನ ಜಪಾನ್ ಕ್ರಿಕೆಟ್

ಖಾಲಮ್ಮನ ತುಟಿಗಳ ನಡುವೆ ಯಾವಾಗಲೂ ಒಂದು ಸೂಜಿ ಇರುತ್ತಿತ್ತು. ಮಾತಾಡುವಾಗಲೂ ಅದನ್ನು ತೆಗೆಯುತ್ತಿರಲಿಲ್ಲ. ಬಾಯಿಯ ಎಡ ಮೂಲೆಗೆ ಸರಿಸಿ, ಬಲ ಮೂಲೆಯಿಂದ ಮಾತಾಡುತ್ತಿದ್ದರು. ಸೂಜಿ ಬಾಯಿಂದ ಹೊರಬಂದು ಸೆರಗಿಗೆ ಚುಚ್ಚಿಕೊಂಡಿತೆಂದರೆ ತೀರ್ಪು ಬರುತ್ತಿದೆ ಎಂದೇ ಅರ್ಥ. ಆಗ ಕೋಣೆಯಲ್ಲಿ ಕೂತ ಹುಡುಗರೆಲ್ಲ ಗಪ್‌ಚುಪ್ ಆಗುತ್ತಿದ್ದರು.

ಕೊಟ್ಟೂರಿನಲ್ಲಿ ನಮ್ಮ ಓಣಿಯ ಮೊದಲ ಮನೆ ಅವರದು. ಉರ್ದುವಿನಲ್ಲಿ ಖಾಲಾ ಅಂದರೆ ಚಿಕ್ಕಮ್ಮ, ಓಣಿಗೆಲ್ಲ ಅವರು ಖಾಲಮ್ಮ. ಗಂಡ ಟಿ.ವಿ., ರೇಡಿಯೋ ರಿಪೇರಿ ಮಾಡುತ್ತಿದ್ದರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಒಂದು ಕಡೆ ಬಿಚ್ಚಿಟ್ಟ ಟಿ.ವಿ.ಗಳು, ಇನ್ನೊಂದು ಕಡೆ ಖಾಲಮ್ಮನ ಹೊಲಿಗೆ ಮಷಿನ್ನು, ನಡುವೆ ಒಂದು ಬಣ್ಣದ ಟಿ.ವಿ., ಅದಕ್ಕೆ ಜೋಡಿಸಿದ ವಿಡಿಯೋ ಗೇಮ್. ಶಾಲೆ ಬಿಟ್ಟ ಕೂಡಲೇ ಓಣಿಯ ಹುಡುಗರು ಅಲ್ಲಿ ಪಾಳಿ ಹಚ್ಚುತ್ತಿದ್ದರು. ನನ್ನವ್ವ ಜಂಪರಿಗೆ ಹುಕ್ಕು ಹಾಕಿಸಿಕೊಂಡು ಬಾ ಎಂದು ನನ್ನನ್ನು ಕಳಿಸುತ್ತಿದ್ದಳು. ಹುಕ್ಕು ಹಾಕಿ ಮುಗಿಯುವವರೆಗೆ ನಾನು ಬಾಗಿಲಲ್ಲಿ ನಿಂತು ಆಟ ನೋಡಬಹುದಿತ್ತು. ಹುಡುಗಿಯರಿಗೆ ಅಷ್ಟೇ. ಅವ್ವನ ಜಂಪರಿನ ಹುಕ್ಕುಗಳು ಬೇಗ ಬೇಗ ಕಿತ್ತುಹೋಗಲಿ ಎಂದು ಬಸವಣ್ಣನಿಗೆ ಬೇಡಿಕೊಳ್ಳುತ್ತಿದ್ದೆ.

ಇದ್ದ ಕ್ಯಾಸೆಟ್ಟುಗಳಲ್ಲಿ ಎಲ್ಲರಿಗೂ ಬೇಕಾದದ್ದು ಒಂದೇ. ಹಸಿರು ಮೈದಾನ, ಬ್ಯಾಟು ಹಿಡಿದ ಗಿಡ್ಡ ಮನುಷ್ಯ, ಬಿಳಿ ಚೆಂಡು. ಹೆಸರು ಜಪಾನಿ ಅಕ್ಷರದಲ್ಲಿತ್ತು. ಅದು ಬೇಸ್‌ಬಾಲ್ ಎಂಬುದು ಇಡೀ ಓಣಿಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಖಾಲಮ್ಮ ಹರಪನಹಳ್ಳಿಯ ತವರಿನಲ್ಲಿ ರೇಡಿಯೋ ಕಾಮೆಂಟರಿ ಕೇಳಿಕೊಂಡು ಬೆಳೆದವರು. ಮೊದಲ ದಿನವೇ ಅವರು ಅದಕ್ಕೆ ಹೆಸರಿಟ್ಟರಂತೆ: "ಇದು ಜಪಾನ್ ಮಂದಿ ಕ್ರಿಕೆಟ್ಟು. ಅವರಿಗೆ ಜಾಗ ಕಮ್ಮಿ ನೋಡ್ರಿ, ಅದಕ್ಕ ಸ್ಟಂಪ್ ನೆಟ್ಟಿಲ್ಲ."

ಹೆಸರಿಟ್ಟವರು ನಿಯಮವನ್ನೂ ಮಾಡಿದರು. ಚೆಂಡು ಗೋಡೆ ದಾಟಿದರೆ ಸಿಕ್ಸು. ಮೈದಾನದ ಒಂದೊಂದು ಮೂಲೆಗೆ ಓಡಿದರೆ ಒಂದೊಂದು ರನ್ನು. ಆದರೆ ಟಿ.ವಿ. ಹಾಗೆ ಎಣಿಸುತ್ತಿರಲಿಲ್ಲ. ನಾಲ್ಕೂ ಮೂಲೆ ಸುತ್ತಿ ಹೊರಟ ಜಾಗಕ್ಕೆ, ಅಂದರೆ ಮನೆಗೆ, ಬಂದರಷ್ಟೇ ಅದು ಒಂದು ಅಂಕ ಕೊಡುತ್ತಿತ್ತು. ಮೂರು ಮೂಲೆ ಓಡಿ ನಿಂತವನಿಗೆ ಸೊನ್ನೆ. ಖಾಲಮ್ಮನ ಪಾಲಿಗೆ ಆ ಆಟದ ದೊಡ್ಡ ದೋಷ ಇದೇ ಆಗಿತ್ತು. "ಮುಕ್ಕಾಲು ದಾರಿ ಓಡಿದವಗ ಏನೂ ಇಲ್ಲಂದ್ರ ಅದ್ಯಾವ ನ್ಯಾಯ? ಈ ಟಿ.ವಿ. ಓಡಿದ ರನ್ನು ನುಂಗಿಬಿಡತೈತಿ" ಎನ್ನುತ್ತಿದ್ದರು. ಹಾಗಾಗಿ ಟಿ.ವಿ.ಯ ಲೆಕ್ಕ ಬಿಟ್ಟು, ಎರಡು ಬಟ್ಟಲಿಟ್ಟುಕೊಂಡು ರನ್ನಿಗೊಂದು ಹುಣಸೆ ಬೀಜ ಹಾಕುತ್ತಿದ್ದರು. ಕೊನೆಗೆ ಟಿ.ವಿ. ಒಬ್ಬರನ್ನು ಗೆಲ್ಲಿಸಿ ತುತ್ತೂರಿ ಊದುತ್ತಿದ್ದರೆ, ಬಟ್ಟಲು ಇನ್ನೊಬ್ಬರನ್ನು ಗೆಲ್ಲಿಸುತ್ತಿತ್ತು. ಓಣಿಯಲ್ಲಿ ಬಟ್ಟಲಿನ ಮಾತೇ ಮಾತು.

ಆಟದ ಗುಣದೋಷಗಳನ್ನು ಅವರು ಹೆಣ್ಣು ನೋಡಲು ಹೋಗಿ ಬಂದವರ ಹಾಗೆ ಹೇಳುತ್ತಿದ್ದರು. ಫೀಲ್ಡರುಗಳು ನಮ್ಮ ಕೈಗೆ ಸಿಗುತ್ತಿರಲಿಲ್ಲ, ತಮ್ಮ ಪಾಡಿಗೆ ತಾವೇ ಓಡುತ್ತಿದ್ದರು, ಅದೂ ಬಸುರಿಯರ ನಡಿಗೆಯಲ್ಲಿ. "ನಮ್ಮ ಮನಿ ಗಂಡಸರಂಗ ಅದಾವ ಇವು, ಹೇಳಿದ ಮಾತು ಕೇಳಂಗಿಲ್ಲ" ಎಂದಾಗ ಅವರ ಗಂಡ ತಲೆಯೆತ್ತದೆ ಬೆಸುಗೆ ಹಾಕುತ್ತಿದ್ದರು. ಯಾರಾದರೂ ಕಾಲು ಜೋರಾಗಿ ಇಟ್ಟರೆ ಕ್ಯಾಸೆಟ್ಟು ಅಲುಗಿ ಆಟ ನಿಂತುಬಿಡುತ್ತಿತ್ತು. ಯಂತ್ರದ ಎದುರು ಆಡಿದರೆ ಮಜವಿಲ್ಲ, ಅದು ಒಂದೇ ಬಗೆಯ ನಿಧಾನದ ಚೆಂಡಿಗೆ ಪ್ರತಿ ಸಲವೂ ಮೋಸಹೋಗುತ್ತಿತ್ತು. ಗುಣಗಳೂ ಇದ್ದವು. ಚೆಂಡು ಕೈಬಿಟ್ಟ ಮೇಲೂ ಗುಂಡಿ ಒತ್ತಿ ಅದನ್ನು ಗಾಳಿಯಲ್ಲೇ ತಿರುಗಿಸಬಹುದಿತ್ತು. ಖಾಲಮ್ಮನಿಗೆ ಇನ್ನೂ ಹೆಚ್ಚು ಹಿಡಿಸಿದ್ದು ಬೇರೆಯದು. "ಎಲ್ಲಾ ತಂಡಕ್ಕೂ ಬಲ ಒಂದ ಐತಿ, ಅಂಗಿ ಬಣ್ಣ ಅಷ್ಟ ಬ್ಯಾರೆ. ಹಿಂಗ ಇರಬೇಕು ಆಟ ಅಂದ್ರ."

ಬಹುಶಃ ಆ ಮಾತೇ ಅವರ ತಲೆಯಲ್ಲಿ ಕೊರೆಯುತ್ತಿತ್ತೇನೋ. ಒಂದು ಶುಕ್ರವಾರ ಮಧ್ಯಾಹ್ನ ಗಂಡ, ಮಗ ಇಬ್ಬರೂ ಜುಮ್ಮಾ ನಮಾಜಿಗೆ ಹೋದ ಹೊತ್ತಿಗೆ ನಾನು ಜಂಪರು ಹಿಡಿದು ಹೋದೆ. ಖಾಲಮ್ಮ ಬಾಗಿಲಿಗೆ ಹಳೆಯ ಚಾದರವೊಂದನ್ನು ಪರದೆಯ ಹಾಗೆ ಇಳಿಬಿಟ್ಟು, ಆಟದ ರಿಮೋಟು ನನ್ನ ಕೈಗಿಟ್ಟರು. "ಬರೇ ನೋಡಿ ನೋಡಿ ಕಣ್ಣು ಹೊರಗ ಬಂದಾವು ನಿನ್ನವು. ಆಡು." ಮುಂದಿನ ವಾರ ನನ್ನ ದೊಡ್ಡಪ್ಪನ ಮಗಳನ್ನು ಕರೆದುಕೊಂಡು ಹೋದೆ. ಆಮೇಲೆ ಓಣಿಯ ಹುಡುಗಿಯರೆಲ್ಲ ಬಂದರು. ಶಾಲೆಯ ಊಟದ ಬಿಡುವಿನಲ್ಲಿ ಬುತ್ತಿ ಅರ್ಧ ನುಂಗಿ ಓಡುತ್ತಿದ್ದೆವು. ಗಂಡಸರು ನಮಾಜು ಮುಗಿಸಿ ಬರುವವರೆಗೆ ಪರದೆಯೊಳಗೆ ಟಿ.ವಿ. ನಮ್ಮದು. ಆ ವಯಸ್ಸಿನಲ್ಲಿ ನನ್ನದು ಎಂದು ಹೇಳಿಕೊಳ್ಳಲು ನನಗೆ ಇದ್ದದ್ದು ಆ ಒಂದು ಹೊತ್ತು ಮಾತ್ರ.

ಅದರ ಮೇಲೆ ಕಣ್ಣು ಬೀಳದೆ ಇರುತ್ತದೆಯೇ? ನಮಾಜಿಗೆ ಹೋಗದ ಹುಡುಗರು ಕಟ್ಟೆಯ ಮೇಲೆ ಕೂತು ಗೊಣಗತೊಡಗಿದರು. ಖಾಲಮ್ಮನ ಮಗನೇ ಅವರಿಗೆ ನಾಯಕ, ನಮಗಿಂತ ಎರಡು ಮೂರು ಕ್ಲಾಸು ದೊಡ್ಡವನು. ಒಂದು ಶುಕ್ರವಾರ ನಮಾಜು ಮುಗಿಸಿ ಬಂದವನೇ ಪರದೆ ಸರಿಸಿ, "ಅಮ್ಮೀ, ಇವರಿಗೆ ಆಡಾಕ ಬರಂಗಿಲ್ಲ, ಸುಮ್ನ ಹೊತ್ತು ಹಾಳು. ಶುಕ್ರವಾರ ನಮ್ಮ ದೋಸ್ತರಿಗೆ ಕೊಡು" ಎಂದ.

ನನ್ನ ಮೂಗಿನ ತುದಿಯಲ್ಲೇ ಸಿಟ್ಟು. "ಬರ್ರಿ, ಪಂದ್ಯ ಕಟ್ಟೋಣು. ಗೆದ್ರ ಶುಕ್ರವಾರ ಕಾಯಂ ನಮ್ದು, ಸೋತ್ರ ನಿಮ್ದು" ಎಂದುಬಿಟ್ಟೆ. ದೊಡ್ಡಪ್ಪನ ಮಗಳು ಹಿಂದಿನಿಂದ ಚಿವುಟಿದಳು. ಅಷ್ಟರಲ್ಲಿ ಮಾತು ಬಾಯಿ ದಾಟಿತ್ತು. ಖಾಲಮ್ಮ ನನ್ನ ಮುಖವನ್ನೇ ನೋಡುತ್ತಿದ್ದರು. "ಯೋಚನೆ ಮಾಡಿ ಹೇಳೀಯೇನು, ಬೇಟಿ?" ಎಂದು ಕೇಳಿದರು. ಹೂಂ ಎಂದೆ.

ಭಾನುವಾರ ಪಂದ್ಯ. ಕೋಣೆಯಲ್ಲಿ ಕಾಲಿಡಲು ಜಾಗವಿಲ್ಲ. ನಾನು ಒಂದು ಕಡೆ, ಖಾಲಮ್ಮನ ಮಗ ಇನ್ನೊಂದು ಕಡೆ. ಅವನದು ಬೀಸುವ ಆಟ, ಎರಡು ಸಲ ಚೆಂಡನ್ನು ಗೋಡೆಯಾಚೆ ಕಳಿಸಿದ. ನನ್ನದು ಕುಟುಕುವ ಆಟ. ಗಾಳಿಯಲ್ಲಿ ಚೆಂಡು ತಿರುಗಿಸಿ ಅವನನ್ನು ಕಾಡಿದೆ. ಬ್ಯಾಟು ಹಿಡಿದಾಗ ಮೂಲೆಯಿಂದ ಮೂಲೆಗೆ ಒಬ್ಬೊಬ್ಬರನ್ನೇ ದಾಟಿಸಿ ಮನೆಗೆ ತಂದೆ. ಅವನ ಓಟಗಾರರು ಎರಡನೆಯ ಮೂಲೆಯಲ್ಲೋ ಮೂರನೆಯದರಲ್ಲೋ ಸಿಕ್ಕಿಬಿದ್ದು ಅಲ್ಲೇ ಉಳಿಯುತ್ತಿದ್ದರು. ಕೊನೆಯ ಚೆಂಡಿಗೆ ಅವನು ಔಟಾದಾಗ ಟಿ.ವಿ.ಯಲ್ಲಿ ನನಗೆ ಮೂರು, ಅವನಿಗೆ ಎರಡು. ನನ್ನ ತಂಡದ ಕಡೆ ತುತ್ತೂರಿ ಊದಿತು. ಹುಡುಗಿಯರು ಕುಣಿದಾಡಿದರು.

ಖಾಲಮ್ಮ ಬಟ್ಟಲು ಸುರಿದು ಎಣಿಸಿದರು. ಇನ್ನೊಮ್ಮೆ ಎಣಿಸಿದರು. ಆಮೇಲೆ ಸೂಜಿ ಬಾಯಿಂದ ತೆಗೆದು ಸೆರಗಿಗೆ ಚುಚ್ಚಿಕೊಂಡರು.

"ಹುಡುಗರದು ಒಂದು ಬೀಜ ಹೆಚ್ಚು ಐತಿ."

"ಖಾಲಮ್ಮಾ, ಟಿ.ವಿ. ನೋಡ್ರಿ! ಟಿ.ವಿ.ಯಾಗ ನಾವ ಗೆದ್ದೀವಿ!"

"ನಿನ್ನೆತನಕ ಬೀಜ ಎಣಿಸಿ ಆಡಿ, ಇವತ್ತು ಟಿ.ವಿ. ನೋಡಂತೀಯೇನು? ಮುಕ್ಕಾಲು ದಾರಿ ಓಡಿದವರಿಗೂ ಲೆಕ್ಕ ಐತಿ ಇಲ್ಲಿ. ಅವ ನನ್ನ ಮಗ ಅಂತ ಆ ಲೆಕ್ಕ ಅಳಸಲೇನು?"

ದೊಡ್ಡಪ್ಪನ ಮಗಳು ಹೊರಗೆ ಬಂದು, "ಎಷ್ಟಂದ್ರೂ ಮಗ ಅಲ್ಲೇನು, ಕರುಳು ಎಳೀತು" ಎಂದಳು. ನನಗೂ ಹಾಗೇ ಅನಿಸಿತು. ಮನೆಗೆ ಹೋಗಿ ಕೌದಿ ಹೊದ್ದು ಅತ್ತೆ. ಆ ಶುಕ್ರವಾರ ಊಟದ ಬಿಡುವಿನಲ್ಲಿ ಬುತ್ತಿಯನ್ನು ಪೂರ್ತಿ ಉಂಡೆ, ಒಂದು ತುತ್ತೂ ರುಚಿಸಲಿಲ್ಲ. ಖಾಲಮ್ಮನ ಮನೆಯ ಪರದೆ ತೆಗೆದಿದ್ದಾರೆ, ಒಳಗೆ ಹುಡುಗರು ಕೂತಿದ್ದಾರೆ ಎಂದು ಯಾರೋ ಬಂದು ಹೇಳಿದರು.

ಮರುದಿನ ಶನಿವಾರ, ಬೆಳಗಿನ ಶಾಲೆ ಬಿಟ್ಟಿತ್ತು. ಖಾಲಮ್ಮ ಅವ್ವನ ಜಂಪರು ಕೊಡುವ ನೆಪ ಮಾಡಿ ನಮ್ಮ ಮನೆಗೇ ಬಂದರು. ನಾನು ಮುಖ ತಿರುವಿಕೊಂಡು ಕೂತೆ.

"ಯಾಕ ಬರಲಿಲ್ಲ ಈಕಿ?" ಎಂದು ಅವ್ವನನ್ನು ಕೇಳಿದರು.

"ಶುಕ್ರವಾರ ಸೋತೀವಲ್ಲ" ಎಂದು ನಾನೇ ಗೋಡೆಗೆ ಹೇಳಿದೆ.

"ಹೌದು, ಶುಕ್ರವಾರ ಸೋತಿ. ಅದು ಹುಡುಗರದು, ಅದರಾಗ ಎರಡು ಮಾತಿಲ್ಲ. ಶನಿವಾರದ ಮಾತು ಪಂದ್ಯದಾಗ ಬಂದಿತ್ತೇನು? ಭಾನುವಾರದ್ದು? ಸೋಮವಾರದ್ದು? ಎದ್ದು ಬಾ, ಪಾಳಿ ಹಚ್ಚು."

ಅವ್ವ ಗಾಬರಿಯಾದಳು. "ಅಲ್ರೀ, ಪರದೆ ಇಲ್ಲ ಏನಿಲ್ಲ, ಅಷ್ಟು ಗಂಡು ಹುಡುಗರ ನಡುವ ಹೆಂಗ ಕುಂದ್ರತಾಳ್ರಿ?"

"ನಾ ದಿನಾ ಕುಂದ್ರಂಗಿಲ್ಲೇನು? ನನ್ನ ಬಾಜೂಕ ಕುಂದ್ರಲಿ" ಎಂದರು ಖಾಲಮ್ಮ.

ಅವ್ವ ಜಂಪರು ಮಡಚಿಟ್ಟು, ಹೋಗು ಎಂದು ಕೈ ಮಾಡಿದಳು. ನಾನು ಹೋದೆ. ಹುಡುಗರು ಮೊದಲು ಕಿಸಿಕಿಸಿ ನಕ್ಕರು, ಆಮೇಲೆ ಸರಿದು ಕೂತರು. ನನ್ನ ಪಾಳಿ ಬಂದಾಗ ಖಾಲಮ್ಮನ ಮಗನೇ ರಿಮೋಟು ಚಾಚಿದ. ಕೆಲವು ವಾರಗಳಲ್ಲಿ ಉಳಿದ ಹುಡುಗಿಯರೂ ಬಂದು ಕೂತರು. ಪಾಳಿಗಾಗಿ ಜಗಳ ಮಾಡುವುದನ್ನು, ಪಕ್ಕದವನ ಮೊಣಕೈ ತಳ್ಳಿ ಜಾಗ ಮಾಡಿಕೊಳ್ಳುವುದನ್ನು, ಸೋತರೂ ಎದ್ದು ಹೋಗದೆ ಇರುವುದನ್ನು ನಾನು ಕಲಿತದ್ದು ಅಲ್ಲಿ.

ಈಗ ನಾನು ಬಸ್ ಕಂಡಕ್ಟರ್. ಹಡಗಲಿ, ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ ಎಂದು ದಿನವಿಡೀ ತಿರುಗುತ್ತೇನೆ. ಬಾಗಿಲಲ್ಲಿ ಜೋತುಬಿದ್ದ ಗಂಡಸರಿಗೆ "ಒಳಗ ಸರೀರಿ" ಎಂದು ಕೂಗಲು ನನಗೆಂದೂ ಅಂಜಿಕೆಯಾಗಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಡಿಪೋದ ಬೆಂಚಿನ ಮೇಲೆ ಅಷ್ಟು ಗಂಡಸರ ನಡುವೆ ಜಾಗ ಮಾಡಿಕೊಂಡು ಕೂತಾಗ, ಇದು ನನಗೆ ಹೊಸದಲ್ಲವಲ್ಲ ಅನಿಸಿತು. ಇದು ಖಾಲಮ್ಮನ ಋಣ. ತೀರಿಸುವಂಥದ್ದಲ್ಲ, ತೀರಿಸಬೇಕೆಂದು ನನಗೆ ಅನಿಸಿಯೂ ಇಲ್ಲ.

ಹೋದ ವರ್ಷ ಅವರು ತೀರಿಕೊಂಡರು. ಮಗ ಫೋನು ಮಾಡಿದಾಗ ನನ್ನ ಬಸ್ಸು ಇಟ್ಟಿಗಿ ದಾಟಿತ್ತು. ಡ್ಯೂಟಿ ಬಿಟ್ಟು ಓಡಿ ಬರುವಷ್ಟರಲ್ಲಿ ಮಣ್ಣು ಮಾಡಿ ಬಂದಿದ್ದರು. ಅವರ ಮುಖ ನೋಡಲಾಗಲಿಲ್ಲವೆಂಬ ದುಃಖ ಇನ್ನೂ ಹೋಗಿಲ್ಲ. ಸಮಾಧಾನವೆಂದರೆ, ಅದಕ್ಕೆ ಸ್ವಲ್ಪ ದಿನ ಮೊದಲು ಹೋಗಿ ಮಾತಾಡಿಸಿ ಬಂದಿದ್ದೆ. ಸೊರಗಿ ಮಂಚ ಹಿಡಿದಿದ್ದರು, ನಾಲಿಗೆ ಮಾತ್ರ ಚುರುಕಾಗಿತ್ತು. ನನಗೆ ಅವರಿಗೊಂದು ವಿಷಯ ಹೇಳುವುದಿತ್ತು. ಮೊಬೈಲಿನಲ್ಲಿ ಒಂದು ಬೇಸ್‌ಬಾಲ್ ಪಂದ್ಯ ಕಣ್ಣಿಗೆ ಬಿದ್ದು, ನಮ್ಮ ಜಪಾನ್ ಕ್ರಿಕೆಟ್ಟು ಏನೆಂದು ನನಗೆ ಅಷ್ಟು ವರ್ಷಗಳ ಮೇಲೆ ತಿಳಿದಿತ್ತು.

"ಖಾಲಮ್ಮಾ, ಅದು ಕ್ರಿಕೆಟ್ ಅಲ್ಲರಿ, ಬ್ಯಾರೆ ಆಟ. ಅದರಾಗ ಪೂರ್ತಿ ಸುತ್ತಿ ಬಂದ್ರ ಅಷ್ಟ ಒಂದು ರನ್ನು. ಟಿ.ವಿ. ಲೆಕ್ಕ ಸರಿ ಇತ್ತು. ಆವತ್ತು ನಾವ ಗೆದ್ದಿದ್ವಿ."

ಅವರು ಕಣ್ಣರಳಿಸಿದರು. "ಖರೇನ ಹೇಳತೀಯೇನು?"

"ಖರೇನ್ರಿ."

ನಾನು ತೊಟ್ಟಿದ್ದ ಖಾಕಿ ಅಂಗಿಯ ತೋಳನ್ನು ಎರಡು ಬೆರಳಲ್ಲಿ ಹಿಡಿದು, ಹೊಲಿಗೆ ಪರೀಕ್ಷಿಸುವವರ ಹಾಗೆ ಸವರಿದರು. ಆಮೇಲೆ ನಕ್ಕರು.

"ಆ ಆಟ ನನಗ ಗೊತ್ತಿರಲಿಲ್ಲ, ಚಲೋನ ಆತು ಬಿಡು. ಗೆದ್ದಿದ್ರ ಆ ಶುಕ್ರವಾರದ ಪರದೆಯೊಳಗ ಉಳೀತಿದ್ರಿ."