ಬಟ್ಟೆ ತುರುಕಿದ ಪೈಪು

ಎಲೆಕ್ಟ್ರಿಷಿಯನ್ ಸೆಲ್ವ ನಮ್ಮ ಅಂಗಳದ ಸಿಮೆಂಟಿಗೆ ಉಳಿಯಿಟ್ಟು ಸುತ್ತಿಗೆ ಎತ್ತಿದ. ಜನ್ನಾಪುರದ ನಮ್ಮ ಮನೆಯಿಂದ ಅಂಗಳದಾಚೆಯ ಶೆಡ್ಡಿಗೆ ನೆಲದಡಿಯಲ್ಲಿ ಕರೆಂಟ್ ಎಳೆಯಬೇಕಿತ್ತು. ಮಂಡಿನೋವಿನಿಂದ ಅಲ್ಲಿನ ಹೊಲಿಗೆ ಯಂತ್ರ ತುಳಿಯಲಾಗದೆ, ಅದಕ್ಕೊಂದು ಮೋಟರ್ ಕೂರಿಸುವ ಆಸೆ ನನಗೆ. ಆದರೆ ಆ ಅಂಗಳ, ತೀರಿಕೊಂಡ ನಮ್ಮ ಯಜಮಾನರು ತಾವೇ ಕೂತು ಸಿಮೆಂಟು ಬಳಿದದ್ದು. ಒಡೆಯಬೇಡಪ್ಪ ಎನ್ನಲು ಸಂಕೋಚ. ಮುಖ ತಿರುಗಿಸಿಕೊಂಡು ನಿಂತೆ.

ಏಟು ಬೀಳಲಿಲ್ಲ. “ಅಮ್ಮ, ಗೋಡೆ ಬುಡದ ಈ ಪೈಪಿಗೆ ಬಟ್ಟೆ ಯಾಕೆ ತುರುಕಿದೀರ?” ಎಂದ.

“ಇಲಿ ಬರ್ತಾವಪ್ಪ.” ವರ್ಷಗಳಿಂದ ತುರುಕುತ್ತಲೇ ಬಂದಿದ್ದೆ.

ಅವನು ಬಟ್ಟೆ ಕಿತ್ತು ಒಳಗೆ ಬೆರಳು ಹಾಕಿದ. ತಂತಿಯೊಂದು ಸಿಕ್ಕಿತು. ಎಳೆದಾಗ ಅತ್ತ ಶೆಡ್ಡಿನ ಮೂಲೆಯಲ್ಲಿ ಅದರ ಇನ್ನೊಂದು ತುದಿ ಅಲುಗಿತು.

“ಒಳ್ಳೆ ಕತೆ ಅಮ್ಮ ನಿಮ್ದು. ವೈರ್ ಎಳ್ಕೊಳ್ಳೋಕೆ ಅಂತ ಯಜಮಾನ್ರು ಆವಾಗ್ಲೇ ಅಡೀಲಿ ಪೈಪ್ ಹಾಕಿ, ತಂತಿನೂ ಬಿಟ್ಟಿದಾರೆ. ನೀವು ಇಲಿ ಅಂತೀರಲ್ಲ.”

ಹೊಸ ವೈರನ್ನು ಆ ತಂತಿಯ ತುದಿಗೆ ಕಟ್ಟಿ ಎಳೆದ. ಅಂಗಳ ಒಡೆಯದೆಯೇ ಶೆಡ್ಡಿನಲ್ಲಿ ದೀಪ ಹತ್ತಿತು.

ತುಕ್ಕು ಹಿಡಿದ ಆ ತಂತಿಯನ್ನು ಸುರುಳಿ ಸುತ್ತಿ ಯಂತ್ರದ ಡ್ರಾಯರಿನಲ್ಲಿಟ್ಟಿದ್ದೇನೆ. ಏನಜ್ಜಿ ಇದು ಎಂದು ಮೊಮ್ಮಕ್ಕಳು ಕೇಳಿದರೆ, ನಿಮ್ಮ ತಾತ ನನಗೆ ಹೇಳಲು ಮರೆತದ್ದು ಎನ್ನುತ್ತೇನೆ.