ಮುಂದಕ್ಕೆ ಬೆನ್ನು ಹಾಕಿದ ದೋಣಿ

ನರಸೀಪುರದ ಹೊಳೆ ದಂಡೆ. ಮೊಮ್ಮಗಳು ಸುಮಾ ಗೆಳತಿಯೊಬ್ಬಳ ಜೊತೆ ಕಾವೇರಿಯಲ್ಲಿ ದೋಣಿ ನಡೆಸಿಕೊಂಡು ಹೊರಟಿದ್ದಾಳೆ. ತಲಕಾಡು ಮುಟ್ಟಿದರೆ ಕಣ್ಣಿಲ್ಲದ ಮಕ್ಕಳ ಶಾಲೆಗೆ ಜನ ದುಡ್ಡು ಕೊಡುತ್ತಾರಂತೆ. ಸುಮಾಳ ಅಂಗೈಯ ಗುಳ್ಳೆಗಳು ಒಡೆದಿವೆ ಎಂದು ಆ ಗೆಳತಿ ಫೋನ್ ಮಾಡಿದಳು. ಇವಳನ್ನು ಮನೆಗೆ ಎಳೆದುಕೊಂಡು ಹೋಗೋಣವೆಂದು ಚಾಮರಾಜಪೇಟೆಯಿಂದ ಬಸ್ಸು ಹತ್ತಿ ಬಂದೆ.

"ಸಾಕು, ನಡಿಯೇ ಮನೆಗೆ."

"ಮಧ್ಯದಲ್ಲಿ ಬಿಟ್ರೆ ಯಾರು ಕೊಡ್ತಾರಜ್ಜಿ? ಕೈಗೆ ಬಟ್ಟೆ ಬಿಗಿಯಾಗಿ ಕಟ್ಟು."

ಕಟ್ಟಿದೆ. ಇಬ್ಬರೂ ದೋಣಿ ಹತ್ತಿ ನನ್ನ ಕಡೆಗೇ ಮುಖ ಮಾಡಿ ಕೂತರು.

"ಹೋಗೋದು ಆ ಕಡೆ ಅಲ್ವೇನೇ?"

"ಈ ದೋಣೀಲಿ ಹುಟ್ಟು ಹಾಕೋದೇ ಹೀಗಜ್ಜಿ, ಬೆನ್ನು ಮುಂದಕ್ಕೆ."

ಇಂಥದ್ದನ್ನು ನಾನು ಕಂಡೇ ಇರಲಿಲ್ಲ. ಹರಿಗೋಲಿನವನು ಕೂಡ ದಾರಿ ನೋಡಿಕೊಂಡು ಹೋಗುತ್ತಾನೆ. ದೋಣಿ ದೂರ ಹೋದರೂ ಇವಳ ಮುಖ ನನ್ನ ಕಡೆಗೇ. ಹುಟ್ಟು ಎಳೆದಾಗಲೆಲ್ಲ ಹಲ್ಲು ಕಚ್ಚುವುದು ಕಾಣುತ್ತಿತ್ತು. ವಾಪಸ್ಸು ಬಾ ಎನ್ನಲು ಬಾಯಿಗೆ ಬಂತು. ಹೊರಟವರನ್ನು ಹಿಂದಿನಿಂದ ಕೂಗಬಾರದು, ನಮ್ಮ ಮನೆಯಲ್ಲಿ ಯಾರೂ ಕೂಗುವುದಿಲ್ಲ. ಆದರೆ ಮುಖಕ್ಕೆ ಮುಖ ಕೊಟ್ಟು ಹೋಗುವವಳನ್ನು ಕೂಗಿದರೆ ಅದು ಹಿಂದಿನಿಂದ ಹೇಗಾದೀತು?

ಅಷ್ಟರಲ್ಲಿ ಅವಳ ಬೆನ್ನಾಚೆ ನೀರಿನಲ್ಲಿ ಕಲ್ಲೊಂದು ಕಂಡಿತು. ಕೂಗಿಯೇಬಿಟ್ಟೆ.

"ಮುಂದೆ ಬಂಡೆ ಇದೆ ಕಣೇ! ನೋಡ್ಕೊಂಡು ಹೋಗು!"