ಹಲ್ಲು ಬಂದ ಗಡ್ಡೆ

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಮಂಗಳೂರಿನ ಒಂದು ಆಸ್ಪತ್ರೆಯ ಪೆಥಾಲಜಿ ಲ್ಯಾಬಿನಲ್ಲಿ ಟೆಕ್ನೀಶಿಯನ್ ಆಗಿದ್ದೆ. ದೇಹದಿಂದ ಕತ್ತರಿಸಿ ತೆಗೆದದ್ದು ಏನೇ ಇರಲಿ, ಫಾರ್ಮಲಿನ್ ಜಾಡಿಯಲ್ಲಿ ಕೂತು ನನ್ನ ಮೇಜಿಗೆ ಬರುತ್ತಿತ್ತು. ಅದನ್ನು ಮೇಣದಲ್ಲಿ ಕೂರಿಸಿ, ತೆಳ್ಳಗೆ ಹೆರೆದು, ಬಣ್ಣ ಹಚ್ಚಿ, ಗಾಜಿನ ಮೇಲಿಟ್ಟು ಪ್ರೊಫೆಸರಿಗೆ ಕೊಡುವುದು ನನ್ನ ಕೆಲಸ. ಅವರು ಸೂಕ್ಷ್ಮದರ್ಶಕದಲ್ಲಿ ನೋಡಿ ಇದು ಇಂಥದ್ದು ಎಂದು ಬರೆಯುತ್ತಿದ್ದರು. ದೇರೆಬೈಲಿನ ನಮ್ಮ ಮನೆಯಲ್ಲಿ ಅಣ್ಣಂದಿರೆಲ್ಲ ಹೋಟೆಲ್ ಇಟ್ಟವರು. ತಮ್ಮನೂ ಹೆಚ್ಚುವ, ಹೆರೆಯುವ ಕೆಲಸವನ್ನೇ ಮಾಡುತ್ತಾನೆಂದು ಅವರಿಗೆ ನೆಮ್ಮದಿ. ವಿವರ ಮಾತ್ರ ಯಾರೂ ಕೇಳುತ್ತಿರಲಿಲ್ಲ.

ಆ ಕೆಲಸದಲ್ಲಿ ನನಗೆ ಆಗದ ವಸ್ತುವೆಂದರೆ ಹಲ್ಲು. ಹೆಂಗಸರ ಅಂಡಾಶಯದಲ್ಲಿ ಒಂದು ಬಗೆಯ ಗಡ್ಡೆ ಬೆಳೆಯುತ್ತದೆ. ಅದರೊಳಗೆ ಕೂದಲಿರುತ್ತದೆ, ಕೊಬ್ಬಿರುತ್ತದೆ, ಕೆಲವೊಮ್ಮೆ ಸಾಕ್ಷಾತ್ ಹಲ್ಲೇ ಇರುತ್ತದೆ. ಅರ್ಧ ದಿನ ಕಲ್ಲಿಗೆ ಮಸೆದ ನನ್ನ ಚಾಕು ಒಂದು ಹಲ್ಲಿಗೆ ತಾಗಿದರೆ ಮುಗಿಯಿತು, ಅಲಗು ಮುಕ್ಕು. ಆದ್ದರಿಂದ ಅಂಥ ಗಡ್ಡೆ ಬಂದರೆ ಹಲ್ಲನ್ನು ನಾಲ್ಕೈದು ದಿನ ಆಸಿಡ್‌ನಲ್ಲಿ ನೆನೆಹಾಕಿ ಮೆತ್ತಗೆ ಮಾಡಬೇಕಿತ್ತು.

ಒಂದು ಸೋಮವಾರ ಅಂಥದ್ದೊಂದು ಬಂತು. ಮರುದಿನ ಅದರ ಹಿಂದೆಯೇ ಜೆಪ್ಪುವಿನಿಂದ ಒಬ್ಬ ನಿವೃತ್ತ ಟೀಚರ್ ಬಂದರು. ಕೊಂಕಣಿ ಕ್ರಿಶ್ಚಿಯನ್ ಹೆಂಗಸು, ಕನ್ನಡ ಶಾಲೆಯಲ್ಲಿ ಮಕ್ಕಳನ್ನು ಹೆದರಿಸಿ ರೂಢಿಯಿದ್ದ ದನಿ. ಗಡ್ಡೆ ಅವರ ಮಗಳ ಹೊಟ್ಟೆಯದು. ಮಗಳಿಗೆ ಬಹರೈನಿನಲ್ಲಿ ಕೆಲಸದಲ್ಲಿದ್ದ ಹುಡುಗನೊಂದಿಗೆ ಮದುವೆ ನಿಶ್ಚಯವಾಗಿತ್ತು. ಹುಡುಗ ಎರಡು ವರ್ಷದಿಂದ ಅಲ್ಲೇ ಇದ್ದ. ಇತ್ತ ಹುಡುಗಿಯ ಹೊಟ್ಟೆ ಮೂರು ತಿಂಗಳಿಂದ ಮೇಲೆ ಬರುತ್ತಿತ್ತು. ತಿಂಗಳು ಎಣಿಸಲು ಬರದವರು ಜೆಪ್ಪುವಿನಲ್ಲಿ ಯಾರೂ ಇಲ್ಲ.

ಆಪರೇಷನ್ ಆದ ಮೇಲೆ, ತೆಗೆದದ್ದನ್ನು ಟ್ರೇಯಲ್ಲಿಟ್ಟು ಹೊರಗೆ ಕಾದಿರುವ ಮನೆಯವರಿಗೆ ತೋರಿಸುವುದು ನಮ್ಮಲ್ಲಿ ಪದ್ಧತಿ. ಸರ್ಜನ್ ಗಡ್ಡೆಯನ್ನು ಸೀಳಿಯೇ ತೋರಿಸಿದ್ದರು. ಟೀಚರಿಗೆ ಕಂಡದ್ದು ಕಪ್ಪು ಕೂದಲು ಮತ್ತು ಎರಡು ಹಲ್ಲು. ಸಾಯುವ ಸ್ಥಿತಿಯಲ್ಲಿರುವ ಮಗುವಿಗೆ ಪಾದ್ರಿಗಳನ್ನು ಕಾಯದೆ ಯಾರು ಬೇಕಾದರೂ ನೀರು ಹಾಕಿ ಜ್ಞಾನಸ್ನಾನ ಕೊಡಬಹುದೆಂದು ಅವರ ಧರ್ಮದಲ್ಲಿದೆ. ಟೀಚರ್ ಚೀಲದಿಂದ ನೀರಿನ ಬಾಟಲಿ ತೆಗೆದು, ಹೇಳಬೇಕಾದ ಮಾತು ಹೇಳಿ, ಟ್ರೇಗೆ ಮೂರು ಸಲ ನೀರು ಹಾಕಿದರು. ಟೀಚರಿಗೆ ತಲೆ ತಿರುಗಿತೆಂದು ತಿಳಿದು ಸರ್ಜನ್ ಕುರ್ಚಿ ತರಿಸಿದರಂತೆ.

"ಪಾದ್ರಿಗಳನ್ನು ಕೇಳಿದೆ ಡಾಕ್ಟ್ರೇ," ಎಂದರು ಟೀಚರ್. ನಾನು ಡಾಕ್ಟರಲ್ಲ ಎಂದದ್ದು ಅವರಿಗೆ ಮುಖ್ಯವೆನಿಸಲಿಲ್ಲ. "ಮಗು ಅಂತ ನೀವು ಬರೆದು ಕೊಟ್ಟರೆ ಇಗರ್ಜಿಯ ಸ್ಮಶಾನದಲ್ಲಿ ಹೂಳುವ, ಅಲ್ಲದಿದ್ದರೆ ನೀರು ಹಾಕಿದ್ದು ಬರೀ ನೀರು ಅಂದ್ರು. ಮಗು ಅಂತ ಬರೆದ್ರೆ ರಿಜಿಸ್ಟ್ರಿನಲ್ಲಿ ತಾಯಿ ಹೆಸರು ಬರ್ತದೆ, ಮದುವೆ ಹೋಗ್ತದೆ. ಬರೆಯದಿದ್ರೆ ಅದು ನಿಮ್ಮ ಬಾಟ್ಲಿಯಲ್ಲೇ ಕೂತ್ಕೊಳ್ತದೆ. ನಾನು ಎಂತ ಮಾಡುವುದು?"

"ಅದು ಮಗು ಅಲ್ಲ ಟೀಚರೇ. ಅಂಡಾಶಯದಲ್ಲಿ ಕೆಲವು ಕೋಶಗಳಿಗೆ ಎಂತ ಬೇಕಾದರೂ ಆಗುವ ಶಕ್ತಿ ಉಂಟು. ಒಂದು ಕೋಶ ಯಾರನ್ನೂ ಕಾಯದೆ ಶುರು ಮಾಡ್ತದೆ. ಕೂದಲು ಮಾಡ್ತದೆ, ಚರ್ಮ ಮಾಡ್ತದೆ, ಹಲ್ಲು ಮಾಡ್ತದೆ. ಯಾವುದನ್ನು ಎಲ್ಲಿ ಇಡಬೇಕು ಅಂತ ಮಾತ್ರ ಅದಕ್ಕೆ ಗೊತ್ತಿಲ್ಲ."

"ಅಪ್ಪ?"

"ಇದಕ್ಕೆ ಅಪ್ಪ ಬೇಡ."

ಟೀಚರ್ ಕೊರಳಿನ ಶಿಲುಬೆ ಮುಟ್ಟಿಕೊಂಡರು. "ಅಪ್ಪ ಇಲ್ಲದೆ ಒಂದೇ ಸಲ ಆದದ್ದು," ಎಂದರು. "ಅದು ಜೆಪ್ಪುವಿನಲ್ಲಿ ಅಲ್ಲ."

ನಾನು ಹೇಳಿದ್ದೆಲ್ಲ ಪ್ರೊಫೆಸರರಿಂದ ಎರವಲು ತಂದದ್ದು. ಆ ಕೋಶದ ಒಳಗುಟ್ಟು ಅವರಿಗೂ ಗೊತ್ತಿರಲಿಲ್ಲ. ಎಂಬತ್ತರ ದಶಕದಲ್ಲಿ ಒಂದು ದಿನ ಅವರು ವಿದೇಶದ ಪತ್ರಿಕೆಯೊಂದನ್ನು ಹಿಡಿದು ಲ್ಯಾಬಿಗೆ ಬಂದರು. ಇಲಿಗಳ ಇಂಥದೇ ಗಡ್ಡೆಗಳಲ್ಲಿ ಆ ಕೋಶವನ್ನು ಹುಡುಕಿದವರು, ಈಗ ಇಲಿಯ ಭ್ರೂಣದಿಂದಲೇ ಅಂಥದ್ದನ್ನು ತೆಗೆದು ಗಾಜಿನ ತಟ್ಟೆಯಲ್ಲಿ ಬೆಳೆಸಿದ್ದರಂತೆ. ಮಗುವನ್ನು ಕಟ್ಟುವುದೂ ಗಡ್ಡೆಯನ್ನು ಕಟ್ಟುವುದೂ ಒಂದೇ ಬಗೆಯ ಮೇಸ್ತ್ರಿ, ಕೆಲಸ ಎಲ್ಲಿ ಕೆಡುತ್ತದೆಂದು ತಿಳಿದರೆ ಅರ್ಧ ಕಾಯಿಲೆಗಳ ಬುಡ ಸಿಕ್ಕಿದ ಹಾಗೆ ಎಂದು ಪ್ರೊಫೆಸರ್ ಒಂದು ಗಂಟೆ ಹೇಳಿದರು. ಈಗ ಪೇಪರಿನವರು ಸ್ಟೆಮ್ ಸೆಲ್ ಎಂದು ಬರೆದು ಹೃದಯ, ಮೊಣಕಾಲು ಎಲ್ಲ ರಿಪೇರಿಯಾಗುತ್ತದೆನ್ನುತ್ತಾರೆ. ಆಗಲಿ, ಸಂತೋಷ. ನನಗೆ ಗೊತ್ತಿದ್ದಂತೆ ಅದು ಚಾಕು ಹಾಳು ಮಾಡುತ್ತಿತ್ತು.

ಆ ವಾರ ಟೀಚರ್ ದಿನಾ ಹನ್ನೊಂದಕ್ಕೆ ಬರತೊಡಗಿದರು. "ಹಲ್ಲು ಮೆತ್ತಗಾಯ್ತಾ?" ಎಂದು, ಕಡಲೆ ಬೆಂದಿತೇ ಎಂದು ಕೇಳುವ ಧಾಟಿಯಲ್ಲಿ ಕೇಳುತ್ತಿದ್ದರು. ಅಷ್ಟರಲ್ಲಿ ಗಡ್ಡೆಯ ಸುದ್ದಿ ಹಲ್ಲಿನ ಸಮೇತ ಹುಡುಗನ ಮನೆ ಮುಟ್ಟಿತ್ತು. ಏನು ವಿಷಯ ಎಂದು ಅವರು ಕೇಳಿ ಕಳಿಸಿದ್ದರು. ಪ್ರೊಫೆಸರಿಗೆ ಅರ್ಧ ಕೆಲಸದ ಮೇಲೆ ಸಹಿ ಹಾಕುವ ಅಭ್ಯಾಸವಿರಲಿಲ್ಲ. ಆರನೆಯ ದಿನ ಇಂಗ್ಲಿಷಿನಲ್ಲಿ ಮೂರು ಸಾಲು ಬರೆದರು. ಟೀಚರಿಗೆ ಅದು ಸಾಲಲಿಲ್ಲ. ಹುಡುಗನ ಅಜ್ಜಿಗೂ ಓದಲು ಬರುವ ಹಾಗೆ ಕನ್ನಡದಲ್ಲಿ ಬೇಕು ಎಂದರು. ನಾನು ಬರೆದೆ: "ಇದು ಮಗುವಲ್ಲ, ಮಗುವಾಗುವುದು ಸಾಧ್ಯವೂ ಇರಲಿಲ್ಲ. ಇದಕ್ಕೂ ಗಂಡಸಿಗೂ ಸಂಬಂಧವಿಲ್ಲ. ಚಿಕ್ಕ ಹುಡುಗಿಯರಿಗೂ ಇದು ಬರುತ್ತದೆ." ಪ್ರೊಫೆಸರಿಗೆ ಕನ್ನಡ ಓದಲು ಬರುತ್ತಿರಲಿಲ್ಲ, ಆದ್ದರಿಂದ ಪೂರ್ಣ ವಿಶ್ವಾಸದಿಂದ ಸಹಿ ಹಾಕಿದರು.

ಹೊಲಿಗೆ ಬಿಚ್ಚಿದ ದಿನ ತಾಯಿ ಮಗಳು ಇಬ್ಬರೂ ಬಂದರು. ಹುಡುಗಿಯನ್ನು ನಾನು ಆವರೆಗೆ ನೋಡಿರಲಿಲ್ಲ. ಅವಳ ಹಲ್ಲಿನ ಬಗ್ಗೆ ಅಷ್ಟು ದಿನ ತಲೆ ಕೆಡಿಸಿಕೊಂಡವನಿಗೆ ಅವಳ ಬಗ್ಗೆ ಒಮ್ಮೆಯೂ ಯೋಚನೆ ಬಂದಿರಲಿಲ್ಲ. ಅದು ಹೊಳೆದು ನಾಚಿಕೆಯಾಯಿತು. ಸ್ಟೂಲು ಕೊಟ್ಟೆ. ಅವಳು ಕೂತು ಕಾಗದವನ್ನು ಎರಡು ಸಲ ಓದಿದಳು.

"ಚೆಂದ ಬರ್ದಿದ್ದೀರಿ," ಎಂದಳು. "ಮೂರು ತಿಂಗಳಿಂದ ನಾನು ಮನೆಯಲ್ಲಿ ಹೇಳ್ತಾ ಇದ್ದದ್ದೂ ಇದನ್ನೇ. ನನ್ನ ಹತ್ರ ಸಹಿ ಇರಲಿಲ್ಲ."

"ಇವತ್ತೇ ಹುಡುಗನ ಮನೆಗೆ ಕೊಟ್ಟು ಬರುವ," ಎಂದರು ಟೀಚರ್.

ತಾಯಿ ಮಗಳು ಕೊಂಕಣಿಯಲ್ಲಿ ಮಾತಾಡಬಹುದಿತ್ತು. ನನಗೂ ಕೇಳಲಿ ಎಂದೋ ಏನೋ, ಹುಡುಗಿ ಕನ್ನಡದಲ್ಲೇ ಹೇಳಿದಳು. "ಅವರಿಗೆ ಬೇಡ. ಅವರಿಗೆ ನಾನೇ ಬಾಯಲ್ಲಿ ಹೇಳ್ತೇನೆ. ಅವರು ಹೊರಗಿನವರು, ಆದ್ರೂ ಕೇಳಿದ್ರು. ನೀವು ಕೇಳಲೂ ಇಲ್ಲ ಮಮ್ಮಿ. ಸೀದಾ ನೀರು ಹಾಕಿದ್ರಿ."

ಅವಳು ಕಾಗದ ಮಡಚಿ ತಾಯಿಯ ಕೈಯಲ್ಲಿಟ್ಟಳು. "ಇದು ನಿಮಗೆ."

ಮದುವೆ ನಡೆಯಿತೆಂದು ಎಷ್ಟೋ ತಿಂಗಳ ಮೇಲೆ ವಾರ್ಡಿನ ಆಯಾ ಹೇಳಿದಳು. ಆ ದಿನ ಲ್ಯಾಬಿನಲ್ಲಿ ಟೀಚರ್ ಕನ್ನಡಕ ಹಾಕಿಕೊಂಡು ಕಾಗದ ಬಿಡಿಸಿದರು. ಒಂದನೆಯ ಕ್ಲಾಸಿನ ಮಕ್ಕಳ ಹಾಗೆ ಪ್ರತಿ ಸಾಲಿನ ಕೆಳಗೂ ಬೆರಳಿಟ್ಟು ಕೊನೆಯವರೆಗೆ ಓದಿದರು. ಮಗಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕಾದಳು. ಟೀಚರ್ ಆ ಕೈಯನ್ನು ನೋಡಿದರು.

"ನೋಯ್ತದಾ?" ಎಂದು ಕೇಳಿದರು.

"ನೋಯ್ತದೆ," ಎಂದಳು ಮಗಳು.